ಫೈಲು ನೋಡಿದರು, ಅವಳನ್ನು ಕೇಳಲಿಲ್ಲ

ಕೋಪ ಇಳಿದ ಮೇಲೆ ಬರೆಯೋಣ ಅಂದುಕೊಂಡಿದ್ದೆ. ಇಳಿಯುತ್ತಿಲ್ಲ. ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಇವತ್ತು ಗೆಳತಿಯೊಬ್ಬಳ ಜೊತೆ ವೈದ್ಯರ ಹತ್ತಿರ ಹೋಗಿದ್ದೆ. ಅವಳಿಗೆ ಮೈತುಂಬಾ ನೋವು ಶುರುವಾಗಿ ವರ್ಷಗಳೇ ಆದವು. ಕುತ್ತಿಗೆ, ಭುಜ, ಸೊಂಟ, ತೊಡೆ, ಕೆಲವು ದಿನ ದವಡೆ ಕೂಡ. ಕೈಯಲ್ಲಿ ದಪ್ಪ ಫೈಲು. ವೈದ್ಯರು ಒಂದೊಂದೇ ಹಾಳೆ ಮಗುಚಿದರು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು, ಮತ್ತೆ ಲಕೋಟೆಗೆ ಸೇರಿಸಿದರು. "ಎಲ್ಲಾ ನಾರ್ಮಲ್ ಇದೆಯಲ್ಲಮ್ಮಾ, ನಿಮಗೇನೂ ಆಗಿಲ್ಲ. ಸುಮ್ನೆ ತಲೆಗೆ ಹಚ್ಚಿಕೊಳ್ಳಬೇಡಿ, ವಾಕಿಂಗ್ ಮಾಡಿ" ಅಂದರು. ಅಷ್ಟೇ. ಅಲ್ಲಿಗೆ ಮುಗಿಯಿತು. ಇವಳು ಬಾಯಿ ಬಿಟ್ಟದ್ದು ಹೆಸರು, ವಯಸ್ಸು ಹೇಳೋಕೆ ಮಾತ್ರ.

ನನಗೂ ಫೈಬ್ರೊಮಯಾಲ್ಜಿಯಾ, ಅಂದರೆ ಮೈತುಂಬಾ ನೋವು, ಸುಸ್ತು, ನಿದ್ದೆಗೇಡು ತಿಂಗಳುಗಟ್ಟಲೆ ಕಾಡುವ ಕಾಯಿಲೆ, ಇರೋದು ಇಲ್ಲಿರುವ ಬಹುತೇಕರಿಗೆ ಗೊತ್ತು. ನನ್ನ ಕಥೆಯನ್ನು ಮತ್ತೆ ಹೇಳುವುದಿಲ್ಲ. ಇವತ್ತು ಹೇಳಬೇಕಾದ್ದು ಒಂದೇ ಮಾತು. ಈ ಕಾಯಿಲೆಯಲ್ಲಿ ರೋಗಿಯನ್ನು ಕೇಳುವುದೇ ಪರೀಕ್ಷೆ. ಬೇರೆ ಕಾಯಿಲೆಗಳಲ್ಲಿ ಮಾತುಕತೆ ಮುಗಿದ ಮೇಲೆ ಪರೀಕ್ಷೆ ಶುರುವಾಗಬಹುದು. ಇಲ್ಲಿ ಮಾತುಕತೆಯಲ್ಲೇ ಪರೀಕ್ಷೆ ನಡೆಯುತ್ತದೆ. ಹಾಗಿರುವಾಗ ಒಂದು ಪ್ರಶ್ನೆಯನ್ನೂ ಕೇಳದೆ ಕಳಿಸಿದರೆ, ಅವಳನ್ನು ಪರೀಕ್ಷೆ ಮಾಡಲೇ ಇಲ್ಲ ಅಂತ ಅರ್ಥ. ಪರೀಕ್ಷೆ ಮಾಡದೇ "ಏನೂ ಇಲ್ಲ" ಅನ್ನೋದು ಹೇಗೆ?

ಇದು ನನ್ನ ಸ್ವಂತ ವಾದ ಅಲ್ಲ. 1990ರಲ್ಲಿ ಅಮೆರಿಕನ್ ಕಾಲೇಜ್ ಆಫ್ ರುಮಟಾಲಜಿ, ಅಂದರೆ ಕೀಲು, ಸ್ನಾಯು ಕಾಯಿಲೆಗಳ ತಜ್ಞರ ಸಂಘ, ಈ ಕಾಯಿಲೆಗೆ ತನ್ನ ಮೊದಲ ಮಾನದಂಡ ಮಾಡಿತು. ಮೈಮೇಲೆ 18 ಜಾಗ ಗುರುತಿಸಿದರು. ಅಲ್ಲಿ ಹೆಬ್ಬೆರಳಿಂದ ಸುಮಾರು 4 ಕಿಲೋ ಒತ್ತಡ ಹಾಕಬೇಕು, ಅಂದರೆ ಒತ್ತುವವರ ಉಗುರು ಬಿಳುಪಾಗುವಷ್ಟು. 11 ಕಡೆ ನೋವಾಗಬೇಕು. ಜೊತೆಗೆ ಮೈಯ ಎಡಕ್ಕೂ ಬಲಕ್ಕೂ, ಸೊಂಟದ ಮೇಲೂ ಕೆಳಗೂ ಕನಿಷ್ಠ ಮೂರು ತಿಂಗಳಿಂದ ನೋವಿರಬೇಕು. ಅಸಲಿಗೆ ಅದನ್ನು ಮಾಡಿದ್ದು ಸಂಶೋಧನೆಗೆ ರೋಗಿಗಳನ್ನು ಆರಿಸೋಕೆ. ಆಮೇಲೆ ಅದೇ ಕ್ಲಿನಿಕ್ಕುಗಳಿಗೂ ಬಂತು. ತೊಂದರೆ ಶುರುವಾಗಿದ್ದು ಅಲ್ಲೇ. ಒಬ್ಬರ ಬೆರಳಿನ ಹಾಗೆ ಇನ್ನೊಬ್ಬರ ಬೆರಳು ಒತ್ತುವುದಿಲ್ಲ. ಎಷ್ಟೋ ವೈದ್ಯರು ಒತ್ತಿ ನೋಡುತ್ತಲೇ ಇರಲಿಲ್ಲ, ನೋಡಿದವರಲ್ಲೂ ಜಾಗ ತಪ್ಪುತ್ತಿತ್ತು. ಒತ್ತಿದರೆ ಗಂಡಸರಿಗೆ ಹೆಂಗಸರಷ್ಟು ನೋವಾಗದ ಕಾರಣ ಗಂಡಸರು ಲೆಕ್ಕದಿಂದಲೇ ಬಿಟ್ಟುಹೋದರು. ಇನ್ನು ನಿದ್ದೆಗೆಟ್ಟದ್ದು, ಸುಸ್ತು, ಮರೆವು, ಇವೆಲ್ಲ ನಮ್ಮನ್ನು ನೋವಿನಷ್ಟೇ ಹಿಂಡುತ್ತವಲ್ಲ, ಅದರಲ್ಲಿ ಇವಕ್ಕೆ ಒಂದು ಅಂಕವೂ ಇರಲಿಲ್ಲ.

2010ರಲ್ಲಿ ಅದೇ ಸಂಸ್ಥೆ ಬೆರಳೊತ್ತುವುದನ್ನು ಕೈಬಿಟ್ಟಿತು. ಅದರ ಜಾಗಕ್ಕೆ ಬಂದದ್ದು ಪ್ರಶ್ನೆಗಳು. ಮುಂದಿನ ವರ್ಷವೇ ರೋಗಿ ತಾನೇ ತುಂಬಬಹುದಾದ ರೂಪವೂ ಬಂತು. ಕಳೆದ ಒಂದು ವಾರದಲ್ಲಿ ಎಲ್ಲೆಲ್ಲಿ ನೋವಿತ್ತು? 19 ಜಾಗಗಳ ಪಟ್ಟಿ ಇದೆ: ಎರಡೂ ದವಡೆ, ಎರಡೂ ಭುಜ, ತೋಳು, ಮುಂಗೈ, ಪೃಷ್ಠ, ತೊಡೆ, ಮೊಣಕಾಲ ಕೆಳಗೆ, ಆಮೇಲೆ ಕುತ್ತಿಗೆ, ಎದೆ, ಹೊಟ್ಟೆ, ಬೆನ್ನಿನ ಮೇಲ್ಭಾಗ, ಕೆಳಭಾಗ. ಸುಸ್ತು ಎಷ್ಟಿದೆ? ಬೆಳಗ್ಗೆ ಏಳುವಾಗ ನಿದ್ದೆ ಮಾಡಿದ ಹಾಗೆ ಅನಿಸುತ್ತದಾ? ಗಮನ ಇಡೋಕೆ, ನೆನಪಿಟ್ಟುಕೊಳ್ಳೋಕೆ ಕಷ್ಟವಾ? ಈ ಮೂರಕ್ಕೆ ತಲಾ ಸೊನ್ನೆಯಿಂದ ಮೂರು ಅಂಕ. ಕಳೆದ ಆರು ತಿಂಗಳಲ್ಲಿ ತಲೆನೋವು, ಹೊಟ್ಟೆನೋವು, ಖಿನ್ನತೆ ಇತ್ತಾ? ಇವಕ್ಕೆ ಒಂದೊಂದು ಅಂಕ. ನೋವಿನ ಜಾಗ 7 ಅಥವಾ ಜಾಸ್ತಿ, ಉಳಿದ ಲಕ್ಷಣಗಳು 5 ಅಥವಾ ಜಾಸ್ತಿ ಬಂದರೆ, ಮತ್ತು ಮೂರು ತಿಂಗಳಿಂದ ಹಾಗೇ ಇದ್ದರೆ, ಇದು ಫೈಬ್ರೊಮಯಾಲ್ಜಿಯಾ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ನೋವಿನ ಜಾಗ ಕಡಿಮೆ ಇದ್ದು ಉಳಿದ ಲಕ್ಷಣ 9 ಅಥವಾ ಜಾಸ್ತಿ ಇದ್ದರೂ ಲೆಕ್ಕಕ್ಕೆ ಬರುತ್ತದೆ.

ಇವತ್ತು ಮನೆಗೆ ಬಂದ ಮೇಲೆ ಗೆಳತಿಯನ್ನು ಕೂರಿಸಿಕೊಂಡು ಇವನ್ನೇ ಕೇಳಿದೆ. ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಮುಗಿಯಿತು. "ಬೆಳಗ್ಗೆ ಏಳುವಾಗ ಹೇಗಿರುತ್ತೆ" ಅಂತ ಕೇಳಿದಾಗ ಅವಳು ಸ್ವಲ್ಪ ಹೊತ್ತು ನನ್ನ ಮುಖ ನೋಡಿದಳು. "ಇದನ್ನ ಯಾರೂ ಕೇಳೇ ಇಲ್ಲ ಕಣೇ" ಅಂದಳು. ಇಷ್ಟು ವರ್ಷ, ಅಷ್ಟು ದಪ್ಪ ಫೈಲು, ಯಾರೂ ಕೇಳಿಲ್ಲ.

ನಾನು ವೈದ್ಯೆ ಅಲ್ಲ, ಅವಳಿಗೆ ಇದೇ ಕಾಯಿಲೆ ಅಂತ ಹೇಳುವ ಹಕ್ಕು ನನಗಿಲ್ಲ, ಹೇಳಿಯೂ ಇಲ್ಲ. ಆದರೆ ಕೇಳುವ ಹಕ್ಕು ಎಲ್ಲರಿಗೂ ಇದೆ ಅಲ್ವಾ? ವೈದ್ಯರಿಗಂತೂ ಅದು ಕೆಲಸ.

"ಮೊದಲು ಬೇರೆ ಕಾಯಿಲೆ ಇಲ್ಲ ಅಂತ ಖಾತ್ರಿ ಮಾಡ್ಕೋಬೇಕಲ್ವಾ" ಅಂತ ಕೆಲವರು ಹೇಳುತ್ತಾರೆ. ಖಂಡಿತ ಮಾಡಿಕೊಳ್ಳಬೇಕು. ಥೈರಾಯ್ಡ್ ಕಡಿಮೆಯಾದರೆ ಮೈಯೆಲ್ಲ ನೋಯುತ್ತದೆ. ಕೊಲೆಸ್ಟೆರಾಲ್‌ಗೆ ಕೊಡುವ ಸ್ಟ್ಯಾಟಿನ್ ಮಾತ್ರೆಯಿಂದ ಕೆಲವರ ಸ್ನಾಯು ನೋಯುತ್ತದೆ. ಐವತ್ತು ದಾಟಿದವರಲ್ಲಿ ಭುಜ, ಸೊಂಟ ಬೆಳಗ್ಗೆ ಬಿಗಿದುಕೊಂಡು, ಉರಿಯೂತ ತೋರಿಸುವ ರಕ್ತ ಪರೀಕ್ಷೆ ಇಎಸ್ಆರ್ ಏರಿದ್ದರೆ ಅದು ಪಾಲಿಮಯಾಲ್ಜಿಯಾ ರುಮ್ಯಾಟಿಕಾ ಇರಬಹುದು, ಅದಕ್ಕೆ ಮದ್ದೇ ಬೇರೆ. ಒಂದೇ ಜಾಗದಲ್ಲಿ ಸ್ನಾಯು ಗಂಟು ಕಟ್ಟಿ ನೋಯುವುದೂ ಬೇರೆ. ಹಾಗಾಗಿ ರಕ್ತ ಪರೀಕ್ಷೆಯ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನನ್ನ ಸಿಟ್ಟೆಲ್ಲ ಅದಾದ ಮೇಲೆ ಆಗುವುದರ ಬಗ್ಗೆ. ಇವೆಲ್ಲ ಇಲ್ಲ ಅಂತಾದಾಗ ನಿಜವಾದ ವಿಚಾರಣೆ ಶುರುವಾಗಬೇಕು, ಇವರು ಅಲ್ಲೇ ಬಾಗಿಲು ಹಾಕುತ್ತಾರೆ. ಇನ್ನೊಂದು ವಿಷಯ. ಬೇರೆ ಕಾಯಿಲೆ ಸಿಕ್ಕಿದರೂ ಇದು ಇಲ್ಲ ಅಂತಾಗುವುದಿಲ್ಲ. 2016ರ ಪರಿಷ್ಕರಣೆ ಅದನ್ನು ಸ್ಪಷ್ಟವಾಗಿ ಹೇಳಿದೆ. ರುಮಟಾಯ್ಡ್ ಸಂಧಿವಾತ ಇದ್ದವರಲ್ಲಿ ಎಷ್ಟೋ ಜನರಿಗೆ ಇದೂ ಜೊತೆಗಿರುತ್ತದೆ. ಅದನ್ನು ಗುರುತಿಸದೇ ಹೋದರೆ ಕೀಲಿನ ಉರಿಯೂತ ಇಳಿದಿದ್ದರೂ ನೋವು ಇಳಿದಿಲ್ಲ ಅಂತ ಔಷಧಿ ಏರಿಸುತ್ತಾ ಹೋಗುವ ಅಪಾಯ ಇದೆ.

ಇನ್ನು ಈ "ತಲೆಗೆ ಹಚ್ಚಿಕೊಳ್ಳಬೇಡಿ" ಅನ್ನುವ ಮಾತು. 2002ರಲ್ಲಿ ರಿಚರ್ಡ್ ಗ್ರೇಸ್ಲಿ ಮತ್ತು ಡೇನಿಯಲ್ ಕ್ಲಾವ್ ಅವರ ತಂಡ ಒಂದು ಪ್ರಯೋಗ ಮಾಡಿತು. 16 ಜನ ರೋಗಿಗಳು, 16 ಜನ ಆರೋಗ್ಯವಂತರು. ಎಲ್ಲರನ್ನೂ ಎಂಆರ್‌ಐ ಯಂತ್ರದೊಳಗೆ ಮಲಗಿಸಿ ಎಡಗೈ ಹೆಬ್ಬೆರಳ ಉಗುರಿನ ಮೇಲೆ ಅಳೆದು ಒತ್ತಡ ಹಾಕಿದರು. ಆರೋಗ್ಯವಂತರಿಗೆ ಒಂದು ಮಟ್ಟದ ನೋವಾಗೋಕೆ ಎಷ್ಟು ಒತ್ತಡ ಬೇಕಾಯಿತೋ, ರೋಗಿಗಳಿಗೆ ಅಷ್ಟೇ ನೋವಾಗೋಕೆ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಾಕಾಯಿತು. ಆ ಕಡಿಮೆ ಒತ್ತಡಕ್ಕೇ ಅವರ ಮಿದುಳಿನಲ್ಲಿ ನೋವಿಗೆ ಸಂಬಂಧಪಟ್ಟ ಜಾಗಗಳು ಚುರುಕಾದವು. ಅಂದರೆ ನಮಗೆ ನೋಯುತ್ತಿದೆ ಅಂತ ನಾವು ಹೇಳುವಾಗ ನಿಜವಾಗಿ ನೋಯುತ್ತಿರುತ್ತದೆ. ಎಲ್ಲಿ ಹುಡುಕಿದರೂ ಸ್ನಾಯುವಿನಲ್ಲಿ ಗಾಯ ಸಿಗದಿರೋಕೆ ಕಾರಣ, ನೋವಿನ ಸುದ್ದಿಯನ್ನು ಹೊತ್ತು ತರುವ ಮತ್ತು ತಡೆಯುವ ನರಮಂಡಲವೇ ಬದಲಾಗಿರುವುದು. ನೋವಿನ ಬಗ್ಗೆ ಅಧ್ಯಯನ ಮಾಡುವ ಅಂತರರಾಷ್ಟ್ರೀಯ ಸಂಘ ಇಂಥ ನೋವಿಗೆ 2017ರಲ್ಲಿ ನೊಸಿಪ್ಲಾಸ್ಟಿಕ್ ಅನ್ನುವ ಪ್ರತ್ಯೇಕ ವರ್ಗವನ್ನೇ ಮಾಡಿದೆ.

ಅದಕ್ಕೂ ಬಹಳ ಮೊದಲು, 1975ರಲ್ಲಿ, ಕೆನಡಾದ ಹಾರ್ವೆ ಮಾಲ್ಡೋಫ್ಸ್ಕಿ ಮತ್ತು ಅವರ ಜೊತೆಗಾರರು ಆರೋಗ್ಯವಾಗಿದ್ದವರ ಗಾಢ ನಿದ್ದೆಯನ್ನು ಬೇಕೆಂದೇ ಕೆಡಿಸಿ ನೋಡಿದ್ದರು. ಅವರಿಗೂ ಮೈಕೈ ನೋವು, ಒತ್ತಿದರೆ ನೋಯುವುದು ಶುರುವಾಯಿತು. ನಿದ್ದೆಯ ಬಗ್ಗೆ ಕೇಳಿ ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ. 2013ರಲ್ಲಿ ಜರ್ಮನಿಯಲ್ಲೂ ಅಮೆರಿಕದಲ್ಲೂ ಬೇರೆ ಬೇರೆ ತಂಡಗಳು ಚರ್ಮದ ಚೂರು ತೆಗೆದು ನೋಡಿದಾಗ ಎಷ್ಟೋ ರೋಗಿಗಳಲ್ಲಿ ಸಣ್ಣ ನರತಂತುಗಳು ಕಡಿಮೆಯಾಗಿದ್ದವು. ಎಲ್ಲರಲ್ಲೂ ಅಲ್ಲ, ಆದರೆ ಎಷ್ಟೋ ಜನರಲ್ಲಿ. 2021ರಲ್ಲಿ ಲಂಡನ್, ಲಿವರ್‌ಪೂಲ್ ಮತ್ತು ಸ್ಟಾಕ್‌ಹೋಮ್‌ನ ಸಂಶೋಧಕರು ಸೇರಿ ರೋಗಿಗಳ ರಕ್ತದಿಂದ ಪ್ರತಿಕಾಯಗಳನ್ನು (ಆಂಟಿಬಾಡಿ) ತೆಗೆದು ಇಲಿಗಳಿಗೆ ಕೊಟ್ಟರು. ಇಲಿಗಳು ಒತ್ತಡಕ್ಕೆ, ಚಳಿಗೆ ಜಾಸ್ತಿ ಪ್ರತಿಕ್ರಿಯಿಸತೊಡಗಿದವು, ಅವುಗಳ ಹಿಡಿತದ ಬಲ ಕುಂದಿತು. ಆರೋಗ್ಯವಂತರ ಪ್ರತಿಕಾಯ ಕೊಟ್ಟ ಇಲಿಗಳಿಗೆ ಏನೂ ಆಗಲಿಲ್ಲ. ಇದರಿಂದಲೇ ಎಲ್ಲರ ಕಾಯಿಲೆಗೂ ಕಾರಣ ಸಿಕ್ಕಿತು ಅಂತ ನಾನು ಹೇಳುತ್ತಿಲ್ಲ. ರಕ್ತ ತೆಗೆದು ಖಚಿತವಾಗಿ ಹೇಳುವ ಪರೀಕ್ಷೆ ಇವತ್ತಿಗೂ ಇಲ್ಲ. ಆದರೆ ಆ ಇಲಿಗಳು ಯಾವ ಚಿಂತೆಯನ್ನು ತಲೆಗೆ ಹಚ್ಚಿಕೊಂಡಿದ್ದವು ಅಂತ ಯಾರಾದರೂ ಹೇಳಲಿ.

ಖಿನ್ನತೆ, ಆತಂಕ ನಮ್ಮಲ್ಲಿ ಜಾಸ್ತಿ ಅನ್ನುವುದು ನಿಜ. ನನಗೂ ಇತ್ತು, ಈಗಲೂ ಬಂದು ಹೋಗುತ್ತದೆ. ಅದನ್ನು ಮುಚ್ಚಿಡುವ ಅಗತ್ಯ ನನಗಿಲ್ಲ. ನನ್ನ ಪ್ರಶ್ನೆ ಇಷ್ಟೇ. ಖಿನ್ನತೆ ಇದೆ ಅಂತ ಅನಿಸಿದರೆ ಅದನ್ನಾದರೂ ಕೂತು ಕೇಳಿದರಾ? ಅದನ್ನೂ ಕೇಳಲಿಲ್ಲ. "ಮನಸ್ಸಿನದು" ಅಂದವರು ಮನಸ್ಸಿಗೂ ಮದ್ದು ಕೊಡಲಿಲ್ಲ, ಮಾತೂ ಆಡಲಿಲ್ಲ.

ಇದನ್ನು ಬರೆಯುವಾಗ ಕೈ ನಡುಗುತ್ತಿದೆ. ಯಾಕೆಂದರೆ ನನಗೆ ಗೊತ್ತು, ಆ ಕೋಣೆಯಿಂದ ಹೊರಗೆ ಬರುವವಳಿಗೆ ಏನಾಗುತ್ತದೆ ಅಂತ. ನೋವಿಗಿಂತ ಜಾಸ್ತಿ ಸುಡುವುದು ಮನೆಯವರ ಮುಖ. "ಏನೂ ಇಲ್ಲ ಅಂದ್ರಂತೆ" ಅನ್ನುವ ಸುದ್ದಿ ನಮಗಿಂತ ಮೊದಲು ಮನೆ ತಲುಪಿರುತ್ತದೆ. ಆಮೇಲೆ ಮಲಗಿದರೆ ಸೋಮಾರಿ, ಎದ್ದು ಓಡಾಡಿದರೆ "ನೋಡು, ಚೆನ್ನಾಗೇ ಇದ್ದಾಳೆ". ನನಗೆ ಹಗುರವಾಗಿರುವ ದಿನಗಳಲ್ಲಿ ನಗೋಕೂ ಹೆದರಿಕೆ ಆಗುತ್ತಿದ್ದ ಕಾಲ ಇತ್ತು, ನಕ್ಕರೆ ನಾಳೆಯ ನೋವನ್ನು ಯಾರೂ ನಂಬುವುದಿಲ್ಲ ಅಂತ. ಇದನ್ನು ಯಾರಿಗೂ ಹೇಳಿರಲಿಲ್ಲ.

"ಹೆಸರು ಕೊಟ್ಟರೆ ರೋಗಿ ಅದನ್ನೇ ಹಿಡಿದುಕೊಂಡು ಇನ್ನೂ ಕುಸಿಯುತ್ತಾರೆ" ಅಂತ ವೈದ್ಯರ ವಲಯದಲ್ಲೇ ಒಂದು ವಾದ ಇದೆ. ಕೇಳೋಕೆ ಜಾಣತನದ ಮಾತು. ಕೆನಡಾದ ಆಂಟಾರಿಯೊದಲ್ಲಿ ಇದನ್ನೇ ಪರೀಕ್ಷಿಸಿ 2002ರಲ್ಲಿ ವರದಿ ಪ್ರಕಟಿಸಿದರು. ಹೊಸದಾಗಿ ಫೈಬ್ರೊಮಯಾಲ್ಜಿಯಾ ಅಂತ ಹೇಳಿಸಿಕೊಂಡವರನ್ನು ವರ್ಷಗಟ್ಟಲೆ ಗಮನಿಸಿದಾಗ, ಆ ಹೆಸರಿನಿಂದ ಅವರ ಸ್ಥಿತಿ ಕೆಟ್ಟದ್ದು ಕಾಣಲಿಲ್ಲ. ನನ್ನ ಮಟ್ಟಿಗೆ ಹೇಳುವುದಾದರೆ, ಹೆಸರು ಗೊತ್ತಾದ ದಿನ ನಾನು ಒಳ್ಳೆ ನಿದ್ದೆ ಮಾಡಿದೆ.

"ವೈದ್ಯರಿಗೆ ಟೈಮ್ ಎಲ್ಲಿದೆ" ಅನ್ನುವವರಿಗೂ ಒಂದು ಮಾತು. ರೋಗಿ ಹೊರಗೆ ಬೆಂಚಿನ ಮೇಲೆ ಕಾಯುವಾಗಲೇ ತುಂಬಬಹುದಾದ ಹಾಳೆ ಅದು. ಟೈಮ್ ಸಾಲದು ಅನ್ನುವುದು ನೆಪ. ಆ ಹಾಳೆಯನ್ನು ಕೈಗೆ ಕೊಡಬೇಕು ಅಂತ ಅನಿಸಿಲ್ಲ, ಅಷ್ಟೇ.

ಕೊನೆಗೆ ಚಿಕಿತ್ಸೆ. ಇಲ್ಲೂ ಕೇಳದಿರುವುದರ ಫಲವೇ. ವಾಕಿಂಗ್ ಮಾಡಿ ಅಂದದ್ದು ತಪ್ಪಲ್ಲ. ಯುರೋಪಿನ ರುಮಟಾಲಜಿ ಒಕ್ಕೂಟ ತನ್ನ ಪರಿಷ್ಕೃತ ಶಿಫಾರಸುಗಳಲ್ಲಿ ಬಲವಾಗಿ ಸೂಚಿಸಿದ್ದು ಒಂದನ್ನೇ, ಅದು ವ್ಯಾಯಾಮ. ಬೋಸ್ಟನ್‌ನಲ್ಲಿ ನಡೆದ, 226 ಜನರಿದ್ದ ಒಂದು ಅಧ್ಯಯನ 2018ರಲ್ಲಿ ಪ್ರಕಟವಾಯಿತು. ಅದರಲ್ಲಿ ನಿಧಾನವಾಗಿ ಮಾಡುವ ತಾಯ್ ಚಿ ಅನ್ನುವ ಚೀನೀ ವ್ಯಾಯಾಮ, ಏರೋಬಿಕ್ ವ್ಯಾಯಾಮದಷ್ಟೇ, ಕೆಲವು ಕಡೆ ಅದಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂತು. ಆದರೆ ಇವತ್ತು ಎಷ್ಟು ನಡೆಯೋಕಾಗುತ್ತದೆ ಅಂತ ಕೇಳದೇ ನಡಿ ಅಂದರೆ? ಮೈ ಸ್ವಲ್ಪ ಹಗುರ ಅನಿಸಿದ ದಿನ ಜೋರಾಗಿ ನಡೆದು, ಮಾರನೆಯ ದಿನದಿಂದ ಹಾಸಿಗೆ ಹಿಡಿದು, ವ್ಯಾಯಾಮದಿಂದಲೇ ಕಾಯಿಲೆ ಜಾಸ್ತಿಯಾಯಿತು ಅಂತ ಬಿಟ್ಟವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಆರಾಮಾಗಿ ಆಗುವುದಕ್ಕಿಂತ ಸ್ವಲ್ಪ ಕಡಿಮೆಯಿಂದ ಶುರು ಮಾಡಿ, ಒಳ್ಳೆ ದಿನವೂ ಕೆಟ್ಟ ದಿನವೂ ಹತ್ತಿರ ಹತ್ತಿರ ಅಷ್ಟೇ ಮಾಡಿ, ವಾರಗಳ ಮೇಲೆ ಏರಿಸಿ. ಇಷ್ಟನ್ನು ಹೇಳಬೇಕಿತ್ತು. ಒಂದೇ ವಾಕ್ಯದ ಕೆಲಸ.

ಮಾತ್ರೆಗಳ ಬಗ್ಗೆಯೂ ನಿಜ ಹೇಳಬೇಕು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಕಾಯಿಲೆಗೆ 2007ರಲ್ಲಿ ಪ್ರಿಗ್ಯಾಬಲಿನ್, 2008ರಲ್ಲಿ ಡುಲಾಕ್ಸೆಟಿನ್, 2009ರಲ್ಲಿ ಮಿಲ್ನಾಸಿಪ್ರಾನ್ ಒಪ್ಪಿತು. ಯುರೋಪಿನ ನಿಯಂತ್ರಣ ಸಂಸ್ಥೆ ಈ ಕಾಯಿಲೆಗೆ ಮೂರನ್ನೂ ಒಪ್ಪಲಿಲ್ಲ, ಸಿಗುವ ಲಾಭ ಸಾಲದು ಅಂತ. ಆಮೇಲೆ ಬಹಳ ವರ್ಷ ಹೊಸದು ಬರಲೇ ಇಲ್ಲ. 2025ರಲ್ಲಿ ನಾಲಿಗೆ ಕೆಳಗಿಡುವ ಸೈಕ್ಲೊಬೆಂಜಪ್ರಿನ್‌ಗೆ ಎಫ್‌ಡಿಎ ಒಪ್ಪಿಗೆ ಸಿಕ್ಕಿತು. ಈ ಮಾತ್ರೆಗಳಿಂದ ಕೆಲವರಿಗೆ ಚೆನ್ನಾಗಿ ಗುಣ ಕಾಣುತ್ತದೆ, ಜಾಸ್ತಿ ಜನರಿಗೆ ಅಷ್ಟಾಗಿ ಕಾಣುವುದಿಲ್ಲ. ತಲೆಸುತ್ತು, ಮಂಪರು, ತೂಕ ಏರುವುದು ಬೇರೆ. ಯಾರಿಗೆ ಯಾವುದು ಹಿಡಿಸಿತು, ಯಾವುದು ಹಿಡಿಸಲಿಲ್ಲ ಅಂತ ತಿಳಿಯೋಕೂ ಮತ್ತೆ ಕೇಳಲೇಬೇಕು. ಆ ದಪ್ಪ ಫೈಲಿನಲ್ಲಿ ನೋವಿನ ಮಾತ್ರೆಗಳ ಚೀಟಿಗಳೇ ತುಂಬಿವೆ, ಕೆಲವದರಲ್ಲಿ ಓಪಿಯಾಯ್ಡ್ (ಅಫೀಮಿನಂಥ) ಜಾತಿಯವೂ ಇವೆ. ಈ ಬಗೆಯ ನೋವಿಗೆ ಅವನ್ನು ಶುರು ಮಾಡಲೇಬಾರದು ಅಂತ ಚಿಕಿತ್ಸೆಗೆ ಮಾರ್ಗಸೂಚಿ ಮಾಡುವ ಬ್ರಿಟನ್ನಿನ ನೈಸ್ (NICE) ಸಂಸ್ಥೆ 2021ರಲ್ಲೇ ಹೇಳಿದೆ. ಕೆಲಸ ಮಾಡಿತಾ ಅಂತ ಯಾರಾದರೂ ಒಬ್ಬರು ಕೇಳಿದ್ದರೆ ಎರಡನೆಯ ಚೀಟಿಗೇ ನಿಲ್ಲುತ್ತಿತ್ತು.

ನನ್ನ ಪಟ್ಟಿಯಲ್ಲಿ ಹಲವರು ವೈದ್ಯರಿದ್ದೀರಿ. ನಿಮ್ಮಲ್ಲಿ ಕೆಲವರು ನನ್ನನ್ನು ಕೂರಿಸಿಕೊಂಡು ಕೇಳಿದವರು, ಅದನ್ನು ಮರೆತಿಲ್ಲ. ನಾನು ಬರೆದದ್ದರಲ್ಲಿ ತಪ್ಪಿದ್ದರೆ ಕೆಳಗೆ ಬರೆಯಿರಿ, ವಾದ ಮಾಡೋಣ. ಪವಾಡದ ಎಣ್ಣೆ, ಪುಡಿ, ಬಳೆಗಳ ಲಿಂಕ್ ಹಾಕಿದರೆ ಮಾತ್ರ ಅಳಿಸುತ್ತೇನೆ. ಮತ್ತೆ ಮೈತುಂಬಾ ನೋವಿಟ್ಟುಕೊಂಡು ಇದನ್ನು ಇಲ್ಲಿವರೆಗೆ ಓದಿದವರು ಇನ್‌ಬಾಕ್ಸಿಗೆ ಬನ್ನಿ, ಆ ಪ್ರಶ್ನೆಗಳ ಹಾಳೆಯನ್ನು ಕನ್ನಡದಲ್ಲಿ ಟೈಪ್ ಮಾಡಿಟ್ಟಿದ್ದೇನೆ, ಕಳಿಸುತ್ತೇನೆ. ತುಂಬಿಕೊಂಡು ಹೋಗಿ, ಫೈಲಿನ ಎಲ್ಲಕ್ಕಿಂತ ಮೇಲೆ ಇಡಿ.