ಜಾತಿ ಮಾತ್ರ ಕೇಳಲಿಲ್ಲ

ಮೂರು ವರ್ಷದ ಹಿಂದೆ ಮಗಳ ಅಡ್ಮಿಷನ್‌ಗೆ ಅಂತ ಮುಂಬೈಯ ಮುಲುಂಡಿನ ಒಂದು ಶಾಲೆಗೆ ಹೋಗಿದ್ದೆವು. ಗೇಟಿನ ಪಕ್ಕದಲ್ಲೇ ಬೋರ್ಡು: ಇಲ್ಲಿ ಜಾತಿ, ಧರ್ಮ ನೋಡುವುದಿಲ್ಲ. ಖುಷಿಯಾಯಿತು. ಒಳಗೆ ಮೇಡಂ ಮೇಜಿನ ಮೇಲೊಂದು ಚೆಂಡಿಟ್ಟು ಬಣ್ಣ ಯಾವುದು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಮಗಳು ಜೋರಾಗಿ "ಕೆಂಪು" ಅಂದಳು. ಮೇಡಂ ಮುಖ ಸಪ್ಪಗಾಯಿತು. ಆಮೇಲೆ ನನ್ನ ಸಂಬಳ ಎಷ್ಟು, ಮನೆ ಸ್ವಂತದ್ದೋ ಬಾಡಿಗೆಯದ್ದೋ, ಹೆಂಡತಿ ಎಲ್ಲಿಯವರೆಗೆ ಓದಿದ್ದಾಳೆ, ಎಲ್ಲ ಬಂತು. ಜಾತಿ ಮಾತ್ರ ಕೇಳಲಿಲ್ಲ. ಕೊಟ್ಟ ಮಾತಿಗೆ ತಪ್ಪಲಿಲ್ಲ ಬಿಡಿ.

ಮಗುವನ್ನಾಗಲಿ, ಅಪ್ಪ ಅಮ್ಮನನ್ನಾಗಲಿ ಹೀಗೆ ಜರಡಿ ಹಿಡಿಯಬಾರದು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಡೊನೇಷನ್ನೂ ತಗೊಳ್ಳುವಂತಿಲ್ಲ. ಅದಕ್ಕೇ ಇದಕ್ಕೆ ಇಂಟರ್‌ವ್ಯೂ ಅನ್ನುವುದಿಲ್ಲ, 'ಇಂಟರ್‌ಆಕ್ಷನ್' ಅನ್ನುತ್ತಾರೆ. ನಮಗೆ ಸೀಟು ಸಿಗಲಿಲ್ಲ.

ನಮ್ಮ ಅಪ್ಪಯ್ಯ ಕುಂದಾಪುರದ ಕಡೆಯಿಂದ ಬಂದು ಮುಂಬೈಯ ಫೋರ್ಟ್ ಏರಿಯಾದ ಒಂದು ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದವರು. ಸಂಜೆ ಶಿಫ್ಟ್ ಮುಗಿದರೆ ರಾತ್ರಿ ಶಾಲೆ. ಅಂಗಿಯಲ್ಲಿ ಸಾಂಬಾರಿನ ವಾಸನೆ ಇರುತ್ತಿತ್ತಂತೆ. ಬೆಂಚಿನಲ್ಲಿದ್ದ ಎಲ್ಲರದ್ದೂ ಅದೇ ವಾಸನೆ. ಮುಂಬೈಯಲ್ಲಿ ಇಂಥ ರಾತ್ರಿ ಶಾಲೆಗಳನ್ನು ಕಟ್ಟಿದ್ದು ಕರಾವಳಿಯ ಮೀನುಗಾರರ ಮೊಗವೀರ ಮಂಡಳಿಯಂಥ ಸಂಘಗಳು. ಬೋರ್ಡಿನ ಮೇಲೆ ಸಮುದಾಯದ ಹೆಸರು, ಬೆಂಚಿನ ಮೇಲೆ ಊರಿನ ಎಲ್ಲ ಜಾತಿಯ ಹುಡುಗರು. ಈಗ ಉಲ್ಟಾ, ಅಲ್ವಾ? ಬೋರ್ಡಿನಲ್ಲಿ ಯಾರ ಹೆಸರೂ ಇಲ್ಲ. ಒಳಗೆ ಕೂತವರು ಒಂದೇ ಜಾತಿ, ದುಡ್ಡಿದ್ದವರ ಜಾತಿ.

ಅದೇ ಕಾಯ್ದೆಯ ಪ್ರಕಾರ ಖಾಸಗಿ ಶಾಲೆಗಳು ಕೆಳಗಿನ ತರಗತಿಯಲ್ಲಿ 25% ಸೀಟು ಬಡ, ಹಿಂದುಳಿದ ಮಕ್ಕಳಿಗೆ ಕೊಡಬೇಕು. ಅಲ್ಪಸಂಖ್ಯಾತರ ಶಾಲೆಗಳಿಗೆ 2014ರಲ್ಲಿ ಸುಪ್ರೀಂ ಕೋರ್ಟು ಈ ಕಾಯ್ದೆಯಿಂದಲೇ ವಿನಾಯಿತಿ ಕೊಟ್ಟಿತು. ಭಾಷಾ ಅಲ್ಪಸಂಖ್ಯಾತರೂ ಅದರಲ್ಲಿ ಬರುತ್ತಾರೆ. ಅಂದರೆ ಮಹಾರಾಷ್ಟ್ರದಲ್ಲಿ ಕನ್ನಡಿಗರು ನಡೆಸುವ ಶಾಲೆಯೂ ಅಲ್ಪಸಂಖ್ಯಾತರ ಸರ್ಟಿಫಿಕೇಟ್ ತೋರಿಸಿ ಪಾರಾಗಬಹುದು. ಇದನ್ನು ಬರೆಯುವಾಗ ನನಗೇ ಸ್ವಲ್ಪ ಮುಜುಗರ. ಸೀಟು ಕೊಡಬೇಕಾದವರಾಗಿ ಉಳಿದದ್ದು ಈ ಜಾತಿ-ಧರ್ಮ ಇಲ್ಲದ ಶಾಲೆಗಳೇ.

2024ರ ಫೆಬ್ರವರಿಯಲ್ಲಿ ಮಹಾರಾಷ್ಟ್ರ ಸರ್ಕಾರ ಅವಕ್ಕೂ ದಾರಿ ಮಾಡಿಕೊಟ್ಟಿತ್ತು. ಒಂದು ಕಿಲೋಮೀಟರ್ ಒಳಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯವರು ಸೀಟು ಕೊಡಬೇಕಿಲ್ಲ ಅಂತ. ಮುಂಬೈಯಲ್ಲಿ ಅಷ್ಟರೊಳಗೆ ಒಂದಾದರೂ ಮುನ್ಸಿಪಾಲ್ಟಿ ಶಾಲೆ ಸಿಗದ ಗಲ್ಲಿ ಯಾವುದು? ಜುಲೈನಲ್ಲಿ ಬಾಂಬೆ ಹೈಕೋರ್ಟು ಅದನ್ನು ರದ್ದು ಮಾಡಿತು.

ಆ ವರ್ಷ ನಮ್ಮ ಮನೆಕೆಲಸದವಳ ಮಗನಿಗೆ ಈ 25% ಸೀಟಿನ ಫಾರ್ಮ್ ತುಂಬಿದ್ದು ನಾನೇ. ಮ್ಯಾಪಿನಲ್ಲಿ ಅವಳ ಮನೆಗೆ ಗುರುತು ಹಾಕಬೇಕಿತ್ತು. ಚಾಳಿನ ಬಾಗಿಲು ಹುಡುಕಲು ಇಬ್ಬರೂ ಅರ್ಧ ಗಂಟೆ ಮೊಬೈಲ್ ಮೇಲೆ ಬಗ್ಗಿ ಕೂತಿದ್ದೆವು. ಲಾಟರಿಯಲ್ಲಿ ಅವಳ ಮಗನಿಗೆ ಅದೇ ಬೋರ್ಡಿನ ಶಾಲೆ ಬಂತು. ಅವನಿಗೆ ಚೆಂಡಿನ ಬಣ್ಣ ಯಾರೂ ಕೇಳಲಿಲ್ಲ. ಬಸ್ಸಿನ ದುಡ್ಡು ಕೇಳಿದರಂತೆ.

"ಒಂದು ಕಿಲೋಮೀಟರ್ ಒಳಗೇ ಇದೆ ಅಂತ ನೀವೇ ತೋರಿಸಿದ್ರಲ್ಲ ದಾದಾ, ನಡೆಸಿಕೊಂಡೇ ಹೋಗ್ತೀನಿ" ಅಂದಳು.