50 ರೂಪಾಯಿಯ ಮೋಡ

ಮುಂಬೈ ಪಕ್ಕದ ಠಾಣೆಯಲ್ಲಿ ಎಸಿ ಲೋಕಲ್ ರೈಲು ಇಳಿದ ಮೊದಲ ಅರ್ಧ ನಿಮಿಷ ನನಗೆ ಏನೂ ಕಾಣುವುದಿಲ್ಲ. ಒಳಗೆ ತಣ್ಣಗಾದ ಕನ್ನಡಕದ ಮೇಲೆ ಹೊರಗಿನ ಜುಲೈ ಗಾಳಿ ಬಂದು ಕೂತುಬಿಡುತ್ತದೆ, ಎರಡೂ ಗಾಜು ಬೆಳ್ಳಗೆ. ಹಿಂದಿನವರು ತಳ್ಳುತ್ತಾರೆ, ಎದುರಿನವರು ಹತ್ತಲು ನುಗ್ಗುತ್ತಾರೆ. ಮೊನ್ನೆ ಕಂಬ ಅಂದುಕೊಂಡು ಯಾರದೋ ಹೆಗಲು ಹಿಡಿದೆ. "ಓ ಕಾಕಾ, ದಿಸತ್ ನಾಹೀ ಕಾ?" ಅಂದ. ಕಾಣುವುದಿಲ್ಲ ನಿಜ, ಅದಕ್ಕೇನೂ ಬೇಜಾರಿಲ್ಲ. ಕಾಕಾ ಅಂದನಲ್ಲ!

ಮಂಜು ಅಂದರೆ ನೆಲಕ್ಕೆ ತಾಗಿದ ಮೋಡ. ಅದು ಹೇಗೆ ಹುಟ್ಟುತ್ತದೆ ಅಂತ ಎಲ್ಲರೂ ಶಾಲೆಯಲ್ಲಿ ಓದಿದ್ದೇವೆ, ಎಲ್ಲರೂ ಮರೆತಿದ್ದೇವೆ, ಅದು ಬಿಡಿ. ನಾನು ಹೇಳಹೊರಟಿದ್ದು ಮೋಡ ಯಾಕೆ ಕೆಳಗೆ ಬೀಳುವುದಿಲ್ಲ ಅನ್ನುವುದನ್ನು. ಪ್ರಶ್ನೆ ನನ್ನದಲ್ಲ, ಗದಗಿನ ನಮ್ಮ ಸೋದರಮಾವನದು.

ಮಾವನಿಗೆ ಮೋಡದ ಮೇಲೆ ಹಳೇ ಸಿಟ್ಟು. ಹೆಸರು ಬಿತ್ತಿ ಆಕಾಶ ನೋಡುತ್ತಾ ಕೂತವರ ಸಿಟ್ಟು ಅದು. 2017ರಲ್ಲಿ ಕರ್ನಾಟಕ ಸರ್ಕಾರ 'ವರ್ಷಧಾರಿ' ಅಂತ ವಿಮಾನ ಹಾರಿಸಿ, ಮಳೆಯಾಗಲಿ ಅಂತ ಮೋಡಕ್ಕೆ ಉಪ್ಪಿನಂಥ ಕಣ ಉದುರಿಸಿ ಮೋಡ ಬಿತ್ತನೆ ಮಾಡಿಸಿತಲ್ಲ, ಆ 'ಬಿತ್ತನೆ' ಅನ್ನುವ ಮಾತು ಅವರಿಗೆ ಇವತ್ತಿಗೂ ತಮಾಷೆ. ಹೋದ ಮಳೆಗಾಲ ನಮ್ಮನೆಗೆ ಬಂದಾಗಲೂ ಚಹಾ ಕುಡಿಯುತ್ತಾ ಅದನ್ನೇ ತೆಗೆದರು. "ಉಪ್ಪು ಹಾಕಿದ್ರ ಮ್ವಾಡ ಬೀಳ್ತೈತಂತ. ಹಂಗಾರ ಉಪ್ಪಿಲ್ದ ಯಾಕ ಬೀಳೂದಿಲ್ಲೋ ತಮ್ಮಾ? ನೀರು ಭಾರ ಅಲ್ಲೇನು?"

ಹೇಳ್ತೀನಿ ಮಾಮಾ, ಅಂದೆ. ಅಷ್ಟರಲ್ಲಿ ಮಗ ಲೋಣಾವಳಕ್ಕೆ ಹೋಗೋಣ ಅಂತ ಎದ್ದ. ಭಾನುವಾರ, ಅದೂ ಜುಲೈಯಲ್ಲಿ! ಮುಂಬೈ ಪುಣೆ ಎರಡೂ ಊರಿನ ಕಾರುಗಳು ಘಾಟಿನಲ್ಲೇ ಇದ್ದವು. ಮೂರೂವರೆ ಗಂಟೆ ಆಮೇಲೆ ಒಂದು ಪಾಯಿಂಟ್ ತಲುಪಿದೆವು. ಪಾರ್ಕಿಂಗಿಗೆ 50 ರೂಪಾಯಿ. ಮಾವ ಕಂಬಿ ಹಿಡಿದು ನಿಂತರು. ಎದುರಿಗೆ ಸುಣ್ಣ ಬಳಿದ ಹಾಗೆ ಬಿಳುಪು, ಮೇಲೆ, ಕೆಳಗೆ, ಎಲ್ಲ ಕಡೆ.

"ಏನ್ ನೋಡ್ಬೇಕು?"

"ಇದರ ಹಿಂದ ಕಣಿವಿ ಐತಿ ಮಾಮಾ."

"ಹೌದಾ. ನಮ್ಮ ಪಡಸಾಲಿ ಗ್ವಾಡಿ ಹಿಂದ ಬಣವಿ ಐತಿ. ಅದನ್ನ ನೋಡಾಕ ಯಾರೂ ರೊಕ್ಕ ಕೊಡಂಗಿಲ್ಲ."

ನನಗೆ ನಗು ಬರಬೇಕಿತ್ತು, ಸಿಟ್ಟು ಬಂತು. ಯಾಕೆಂದರೆ ಅವರು ಹೇಳಿದ್ದು ಸರಿ. ಸುತ್ತ ನೂರಾರು ಜನ ಆ ಬಿಳುಪಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು, ಮನೆಯ ಗೋಡೆಗೆ ಒರಗಿ ನಿಂತಿದ್ದರೂ ಅದೇ ಫೋಟೋ. ಪಕ್ಕದ ಕಾರಿನ ಡಿಕ್ಕಿಯಲ್ಲಿ ಆಳೆತ್ತರದ ಸ್ಪೀಕರ್. ಇವರೇ ಜನವರಿಯಲ್ಲಿ ಮುಂಬೈಯ ಹೊಗೆ ಧೂಳನ್ನು ಮಂಜು ಅಂತ ಸ್ಟೇಟಸ್ ಹಾಕುವವರು, ಕೆಮ್ಮುತ್ತಾ.

ಮಾವ ಮೆಕ್ಕೆಜೋಳ ಸುಟ್ಟು ಮಾರುವ ಭುಟ್ಟಾದವಳ ಹತ್ತಿರ ಹೋದರು. ಅವಳಿಗೆ ಮರಾಠಿ, ಇವರಿಗೆ ಗದಗಿನ ಕನ್ನಡ. ಆದರೂ ತೆನೆ ಯಾವ ಊರಿನದು, ಚೀಲಕ್ಕೆ ಎಷ್ಟು, ಹೋದ ವಾರ ಎಷ್ಟಿತ್ತು, ಎಲ್ಲ ವಿಚಾರಣೆ ಆಯಿತು. ಸುಡುವ ಮುಂಚೆ ಸಿಪ್ಪೆ ತಾವೇ ಸುಲಿದುಕೊಟ್ಟರು. ಕಾಳು ಉಗುರಲ್ಲಿ ಒತ್ತಿ, ಇದು ಬಲಿತೈತಿ, ಬ್ಯಾರೆ ಕೊಡು ಅಂದರು. ಅವಳು ಕೊಟ್ಟಳು! ನನಗೆ ಯಾವತ್ತೂ ಕೊಟ್ಟಿಲ್ಲ, ನನಗೆ ಬಲಿತದ್ದೇ. ಹತ್ತು ನಿಮಿಷದಲ್ಲಿ ಮಾವ ಅವಳ ಸ್ಟೂಲಿನ ಮೇಲೆ ಕೂತು ಒಲೆಗೆ ಗಾಳಿ ಹಾಕುತ್ತಿದ್ದರು, ನಾವು ಮೂವರು ನಿಂತು ನೆನೆಯುತ್ತಿದ್ದೆವು.

ಹೊರಡುವಾಗ ಹೆಗಲ ಟವಲ್ ತೆಗೆದು ಹಿಂಡಿದರು. ನೀರು ಇಳಿಯಿತು. ಮಳೆ ಒಂದು ಹನಿ ಬಿದ್ದಿರಲಿಲ್ಲ.

"ಇಲ್ಲಿ ಪುಕ್ಕಟೆ ಅಡ್ಡಾಡಾಕತ್ತೈತಿ, ನಮ್ಮ ಕಡೆ ಬರೂದ್ರಾಗ ಖಾಲಿ."

ಅದೂ ಸರಿಯೇ. ಲೋಣಾವಳಕ್ಕೆ ವರ್ಷಕ್ಕೆ 4000 ಮಿಲಿಮೀಟರ್ ದಾಟುವ ಮಳೆ, ಗದಗಿಗೆ 600ರ ಆಸುಪಾಸು. ಘಾಟು ಹತ್ತುವ ಗಾಳಿ ತಣ್ಣಗಾಗಿ ತನ್ನ ನೀರನ್ನೆಲ್ಲ ಇಲ್ಲೇ ಸುರಿದುಬಿಡುತ್ತದೆ, ಈ ಸ್ಪೀಕರ್‌ನವರ ತಲೆಯ ಮೇಲೆ.

ವಾಪಸ್ ಬರುವಾಗ ಕಾರಿನಲ್ಲಿ ಶುರು ಮಾಡಿದೆ. ನೋಡ್ರಿ ಮಾಮಾ, ಮೋಡದ ಹನಿ ಬಹಳ ಸಣ್ಣದು, ಒಂದು ಮಿಲಿಮೀಟರಿನಲ್ಲಿ 50 ಹನಿ ಸಾಲಾಗಿ ಕೂರಬಹುದು. ಅದು ಬೀಳುತ್ತಲೇ ಇರುತ್ತದೆ, ಆದರೆ ಸೆಕೆಂಡಿಗೆ ಒಂದು ಸೆಂಟಿಮೀಟರ್ ಅಷ್ಟೇ. ಕೆಳಗಿನಿಂದ ಏಳುವ ಗಾಳಿ ಅದಕ್ಕಿಂತ ಜೋರು, ಮತ್ತೆ ಮೇಲೆ ಎತ್ತುತ್ತದೆ. ಹನಿ ಕಟ್ಟಲಿಕ್ಕೆ ಒಂದು ಕಣ ಬೇಕು, ಧೂಳು, ಹೊಗೆ, ಸಮುದ್ರದ ಉಪ್ಪು... ಹಿಂದೆ ನೋಡಿದರೆ ಮಾವ ಗೊರಕೆ. ಹೆಂಡತಿಯೂ. ನಾನು ಸುಮ್ನೆ ಹೆದ್ದಾರಿಗೆ ಪಾಠ ಮಾಡುತ್ತಿದ್ದೆ.

ಟೋಲ್ ಹತ್ತಿರ ಸಾಲು ನಿಂತಾಗ ಎಚ್ಚರವಾಯಿತು.

"ಹೂಂ, ಉಪ್ಪಿನ ತನಕ ಬಂದಿದ್ದಿ. ಮುಂದ?"

ಅಷ್ಟರಲ್ಲಿ ಸಾಲು ಸರಿಯಿತು, ಹಿಂದಿನವನು ಹಾರ್ನ್ ಮೇಲಿಂದ ಕೈ ತೆಗೆಯಲಿಲ್ಲ, ನನ್ನ ಕನ್ನಡಕ ಮತ್ತೆ ಬೆಳ್ಳಗಾಗಿತ್ತು.