ಮತ್ತೆ ಅದೇ ಪಾರ್ಸೆಲ್ ಫೋನು

"ನಿಮ್ಮ ಹೆಸರಿನ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದ್ದೀರಿ." ಆಮೇಲೆ ವಿಡಿಯೋ ಕಾಲ್‌ನಲ್ಲಿ ಖಾಕಿ ತೊಟ್ಟವನೊಬ್ಬ ಗದರುತ್ತಾನೆ. ಡಿಜಿಟಲ್ ಅರೆಸ್ಟ್ ಅನ್ನೋದು ನಮ್ಮ ಕಾನೂನಿನಲ್ಲೇ ಇಲ್ಲ! ಆದರೂ ಮನೆಯಲ್ಲಿ ಒಬ್ಬರೇ ಇರುವ ವಯಸ್ಸಾದವರು ಹೆದರಿ, ಕೂಡಿಟ್ಟ ದುಡ್ಡನ್ನೆಲ್ಲ ಕಳಿಸಿಬಿಡುತ್ತಾರೆ. ಹೊಟ್ಟೆ ಉರಿಯುತ್ತದೆ.

ನಿನ್ನೆ ಅಮ್ಮನಿಗೆ ಬಂದ ಫೋನನ್ನು ನಾನೇ ತಗೊಂಡೆ. "ಇರಿ ಸಾರ್, ಆಧಾರ್ ಹುಡುಕ್ತೀನಿ" ಅಂದೆ. ಕನ್ನಡಕ ಸಿಗಲಿಲ್ಲ. ಬೀರು ಕೀ ಸಿಗಲಿಲ್ಲ. ಕೀ ಸಿಕ್ಕಿತು, ಕರೆಂಟ್ ಹೋಯ್ತು. ಕೊನೆಗೆ ಅವನೇ ಬೈದು ಫೋನ್ ಇಟ್ಟ. ಅಷ್ಟು ಹೊತ್ತು ಇನ್ನೊಬ್ಬ ಅಜ್ಜಿ ಬಚಾವಾದರಲ್ಲ, ಸಾಕು. ನಂಬರನ್ನು ಸರ್ಕಾರದ ಸಂಚಾರ ಸಾಥಿ ಪೋರ್ಟಲ್‌ನಲ್ಲಿ ಮೋಸದ ಫೋನುಗಳ ಬಗ್ಗೆ ದೂರು ಕೊಡುವ 'ಚಕ್ಷು'ವಿಗೆ ಹಾಕಿದೆ. ದುಡ್ಡು ಹೋಗಿದ್ದರೆ ಮಾತ್ರ ನಾಚಿಕೆ ಪಡದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಬೇಗ ಹೇಳಿದಷ್ಟೂ ಅದನ್ನು ತಡೆಹಿಡಿಯುವ ಸಾಧ್ಯತೆ ಜಾಸ್ತಿ.